ಒಂಬತ್ತರ ಪೀರಿಯಡ್ಡು

ನಮ್ಮ ಸರಕಾರಿ ಪದವಿ ಕಾಲೇಜಿಗೆ ಖಾಯಂ ಪ್ರಾಚಾರ್ಯರೊಬ್ಬರು ಬಂದದ್ದನ್ನು ನಾನು ಈವರೆಗೆ ನೋಡಿಲ್ಲ. ಇದ್ದವರಲ್ಲಿ ಹಿರಿಯರಿಗೆ ಪ್ರಭಾರ ವಹಿಸುತ್ತಾರೆ, ಅವರು ನಿವೃತ್ತರಾದರೆ ಅವರ ನಂತರದವರಿಗೆ. ಪ್ರಾಚಾರ್ಯರ ಕೆಲಸವೆಲ್ಲ ಪ್ರಭಾರಿಯ ತಲೆಗೆ ಬರುತ್ತದೆ, ಅವರ ಪಾಠವೂ ತಪ್ಪುವುದಿಲ್ಲ. ನಿನ್ನೆಯವರೆಗೆ ಜೊತೆಗೆ ಕೂತು ಚಹಾ ಕುಡಿದ ಸಹೋದ್ಯೋಗಿಗಳು, ಇವರ ಮಾತು ಯಾಕೆ ಕೇಳಬೇಕು ಎಂಬ ಮುಖ ಮಾಡಿಕೊಂಡು ಸಭೆಗೆ ಬರುತ್ತಾರೆ. ಹಾಗೆ ಸರದಿ ಬಂದು ಈ ವರ್ಷ ಆ ಕೋಣೆಯ ಬೀಗದ ಕೈ ನನ್ನ ಕಿಸೆಯಲ್ಲಿದೆ.

ಮೊದಲ ವಾರವೇ ಅಲಮಾರಿಯ ಕೆಳಗಿನ ಖಾನೆಯಲ್ಲಿ ಒಂದು ಹಳೆಯ ಫೈಲು ಸಿಕ್ಕಿತು. ಹತ್ತು ಹನ್ನೆರಡು ವರ್ಷ ನಾನು ಹೇಳಿಕೊಂಡು ಬಂದಿದ್ದ ಒಂದು ಕಥೆಯನ್ನು, ಆ ಫೈಲು ನೋಡಿದ ಮೇಲೆ, ಹಾಗೆಯೇ ಹೇಳುವಂತಿಲ್ಲ.

ಕಥೆ ನಮ್ಮ ಆಗಿನ ಪ್ರಭಾರಿಯ ಕುರಿತದ್ದು. ಕುಕನೂರು ಕಡೆಯವರು, ರಾಜ್ಯಶಾಸ್ತ್ರ ಕಲಿಸುತ್ತಿದ್ದರು, ನಿವೃತ್ತಿಗೆ ಮೂರು ವರ್ಷವಿತ್ತು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಪ್ರಾಚಾರ್ಯರ ಕುರ್ಚಿಯಲ್ಲಿ ಒಮ್ಮೆಯೂ ಕೂರಲಿಲ್ಲ. ಅದು ಖಾಯಂ ಇದ್ದವರದು ಎಂದು ಮೇಜಿನ ಈಚೆ, ಬಂದವರು ಕೂರುವ ಬದಿಯಲ್ಲಿ ಒಂದು ಕಟ್ಟಿಗೆಯ ಕುರ್ಚಿ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಒಮ್ಮೆ ಮಗನ ಟಿ.ಸಿ. ಕೇಳಲು ಬಂದ ರೈತರೊಬ್ಬರು ಅವರ ಪಕ್ಕದಲ್ಲೇ ಕೂತು ಖಾಲಿ ಕುರ್ಚಿಯನ್ನು ನೋಡುತ್ತ ಬಹಳ ಹೊತ್ತು ಕಾದರು. ಏನು ಬೇಕಿತ್ತು ಎಂದು ಮೇಡಂ ಕೇಳಿದರೆ, ಪ್ರಿನ್ಸಿಪಾಲರು ಬರಲಿ ತಡೀರಿ ಅಕ್ಕಾರ ಅಂದರು.

"ಅವರು ಬರೂದು ಭಾಳ ತಡ ಐತ್ರಿ ಯಜಮಾನ್ರ. ನನ್ನ ಮುಂದ ಹೇಳ್ರಿ" ಅಂದರು ಮೇಡಂ.

ನಾನು ಧಾರವಾಡದಲ್ಲಿ ಇತಿಹಾಸ ಓದಿ ಬಂದವನು. ಕುರ್ಚಿಯಲ್ಲಿ ಕೂರಲು ಅಂಜುವವರು ಕಾಲೇಜು ನಡೆಸುವುದು ಹೇಗೆ ಎಂದು ನನಗೆ ಅನಿಸುತ್ತಿತ್ತು. ಆಗ ನಾನು ಸಂಶೋಧನಾ ಪ್ರಬಂಧ ಬರೆಯುತ್ತಿದ್ದೆ, ಮನೆ ಭಾಗ್ಯನಗರದಲ್ಲಿತ್ತು. ಕೊಪ್ಪಳಕ್ಕೆ ಬಂದು ಬಸ್ಸು ಹತ್ತಿ, ಗಂಗಾವತಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಕಾಲೇಜು ಮುಟ್ಟಬೇಕಿತ್ತು. ಬಾಯಿಮಾತನ್ನು ನಂಬಬೇಡಿ, ಕಾಗದ ನೋಡಿ ಎಂದು ಪ್ರತಿ ವರ್ಷದ ಮೊದಲ ಪಾಠದಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ಆ ವರ್ಷ ನಮ್ಮ ಕಾಲೇಜು ಹತ್ತರ ಬದಲು ಒಂಬತ್ತಕ್ಕೆ ಶುರುವಾಯಿತು. ಕೊನೆಯ ವರ್ಷದವರಿಗೆ ಒಂಬತ್ತರ ಪೀರಿಯಡ್ಡು ಇತಿಹಾಸ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾನು ಬಾಗಿಲು ಮುಚ್ಚುತ್ತಿದ್ದೆ, ಆಮೇಲೆ ಬಂದವರಿಗೆ ಹಾಜರಿ ಇಲ್ಲ. ಸೆಮಿಸ್ಟರು ಮುಗಿಯುತ್ತ ಬಂದಾಗ ಹಾಜರಿ ಕಡಿಮೆಯಾದವರ ಪಟ್ಟಿ ಬರೆದು ಸೂಚನಾ ಫಲಕಕ್ಕೆ ಹಚ್ಚಿದೆ. ಒಂಬತ್ತು ಹೆಸರು. ಮುಕ್ಕಾಲು ಪಾಲು ಹಾಜರಿ ಇಲ್ಲದವರಿಗೆ ಹಾಲ್ ಟಿಕೆಟ್ ಇಲ್ಲವೆಂಬುದು ವಿಶ್ವವಿದ್ಯಾಲಯದ ನಿಯಮ. ನಿಯಮವನ್ನು ನಾನು ಮಾಡಿರಲಿಲ್ಲವಲ್ಲ, ಆದ್ದರಿಂದ ನಿರಾಳವಾಗಿದ್ದೆ.

ಮಧ್ಯಾಹ್ನ ಆ ಒಂಬತ್ತರಲ್ಲಿ ಒಬ್ಬಳು ಮೇಡಂ ಕೋಣೆಗೆ ಬಂದಳು. ಹುಲಿಹೈದರದ ಹುಡುಗಿ. ಪಟ್ಟಿ ತಂದುಕೊಡಲು ನಾನೂ ಅಲ್ಲಿದ್ದೆ. ತಮ್ಮ ಬಸ್ಸು ದಾರಿಯ ಪ್ರತಿ ಊರಿನಲ್ಲೂ ಸಾಲಿ ಮಕ್ಕಳನ್ನು ಹತ್ತಿಸಿಕೊಂಡು ಬರುತ್ತದೆ, ಒಂದೊಂದು ದಿನ ಒಂಬತ್ತಕ್ಕೆ ಮುಟ್ಟಿಸುತ್ತದೆ, ಹೆಚ್ಚಿನ ದಿನ ಒಂಬತ್ತೂವರೆ ದಾಟುತ್ತದೆ ಎಂದಳು. ಅದರ ಮುಂಚಿನ ಬಸ್ಸು ಇಲ್ಲ. ಅಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು.

"ಮೂರು ವರ್ಷ ಅಂತ ಮಾತಾಡಿ ಕಳಿಸ್ಯಾರ್ರಿ ಮೇಡಂ ಮನ್ಯಾಗ. ಈ ಪರೀಕ್ಷೆ ತಪ್ಪಿದ್ರ ನಾಕನೇ ವರ್ಷಕ್ಕ ಬಸ್ ಪಾಸ್ ಮಾಡಸಂಗಿಲ್ಲ ನಮ್ಮಣ್ಣ. ಬಿ.ಎಡ್. ಅಂತೂ ಮುಗದ ಹೋತು."

ಮೇಡಂ ಪಟ್ಟಿ ನೋಡಿದರು, ಅವಳನ್ನು ನೋಡಿದರು. ಉಳಿದ ಎಂಟು ಮಂದಿ ಯಾವ ಬಸ್ಸಿಗೆ ಬರುತ್ತಾರೆ ಎಂದು ಕೇಳಿದರು. ಎಲ್ಲರೂ ಅದೇ ಬಸ್ಸಿಗೆ. ನಾಳೆ ನೋಡೋಣ ಎಂದು ಅವಳನ್ನು ಕಳಿಸಿದರು.

ಮರುದಿನ ನಾನು ಎಂದಿನಂತೆ ಬಾಗಿಲು ಮುಚ್ಚಿ ಪಾಠ ಶುರು ಮಾಡಿದ್ದೆ. ಒಂಬತ್ತೂವರೆ ದಾಟಿದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಹಲಗೆಯ ಕಡೆ ಮುಖವಿತ್ತು, ತಿರುಗದೆಯೇ ಹೊರಗ ನಿಲ್ರಿ ಎಂದೆ. ಸದ್ದು ಮತ್ತೆ ಬಂತು. ಟೈಮ್ ಎಷ್ಟಾತು ನೋಡೀರೇನು ಎಂದು ದನಿ ಏರಿಸಿದೆ.

"ಒಂಬತ್ತು ಮೂವತ್ತೈದರಿ ಸರ್. ಒಳಗ ಬರಬಹುದೇನ್ರಿ?"

ಒಂಬತ್ತು ಜನರ ಸಾಲಿನ ಕೊನೆಯಲ್ಲಿ, ಹತ್ತನೆಯವರಾಗಿ, ಕೈಯಲ್ಲಿ ಊಟದ ಚೀಲ ಹಿಡಿದು ಮೇಡಂ ನಿಂತಿದ್ದರು. ಹಿಂದಿನ ಸಂಜೆಯೇ ಹುಲಿಹೈದರಕ್ಕೆ ಹೋಗಿ, ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಮಕ್ಕಳೊಂದಿಗೆ ಆ ಬಸ್ಸು ಹತ್ತಿದ್ದರು. ಬೆಂಚುಗಳಲ್ಲಿದ್ದವರು ನಕ್ಕರು. ಅವರ ನಗು ನನಗೆ ಚೆನ್ನಾಗಿ ನೆನಪಿದೆ. ಮೇಡಂ ಆಡಿದ ಮಾತು ಹೀಗೆಯೇ ಇತ್ತೋ, ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಹೇಳಿ ಹೇಳಿ ಹೀಗಾಯಿತೋ, ಪ್ರಮಾಣ ಮಾಡಿ ಹೇಳಲಾರೆ.

ಅಂದೇ ಸಭೆ ಕರೆದರು. ಟೈಮ್ ಟೇಬಲ್ ತಪ್ಪಾಗಿದೆ, ತಪ್ಪು ನನ್ನದು, ನಾಳೆಯಿಂದ ಮತ್ತೆ ಹತ್ತಕ್ಕೆ ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ಹೋದ ಹಾಜರಿಗೆ ವಿಶೇಷ ತರಗತಿ. ಭಾನುವಾರಕ್ಕೆ ನಾಲ್ಕು ಪೀರಿಯಡ್ಡಿನಂತೆ ಐದು ಭಾನುವಾರ ನಡೆಸಿದರೆ ಒಂಬತ್ತೂ ಜನ ಮುಕ್ಕಾಲು ಪಾಲು ಮುಟ್ಟುತ್ತಿದ್ದರು. ಆದರೆ ಭಾನುವಾರ ಆ ಕಡೆಯಿಂದ ಬಸ್ಸು ಇನ್ನೂ ಕಡಿಮೆ. ಅವರು ಬರುವ ಬದಲು ನಾವೇ ಹುಲಿಹೈದರಕ್ಕೆ ಹೋಗೋಣ ಎಂದರು ಮೇಡಂ. ಹಾಗೆ ನಿಯಮದಲ್ಲಿಲ್ಲ ಎಂದೆ. ಬೇಡ ಅಂತಲೂ ಇಲ್ಲ ಎಂದರು. ಪ್ರಬಂಧದ ಕೆಲಸವಿದೆ ಎಂದೆ. ಮೊದಲ ಭಾನುವಾರ ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಅವರು ಕೇಳಿದರು.

ಊರಿನ ಸಮುದಾಯ ಭವನದಲ್ಲಿ, ಮದುವೆಗೆ ತಂದಿಟ್ಟ ಕುರ್ಚಿಗಳ ಮೇಲೆ ಕೂತು ಮಕ್ಕಳು ಪಾಠ ಕೇಳಿದರು. ನಾನು ಎರಡು ಭಾನುವಾರ ಹೋದೆ, ಉಳಿದ ಮೂರಕ್ಕೆ ಮೇಡಂ ನನ್ನ ಟಿಪ್ಪಣಿ ಇಟ್ಟುಕೊಂಡು ತಾವೇ ಇತಿಹಾಸ ಕಲಿಸಿದರು. ನನ್ನ ನೆನಪು ಇಷ್ಟು. ಎಲ್ಲರಿಗೂ ಹಾಲ್ ಟಿಕೆಟ್ ಬಂತು. ಆ ಹುಡುಗಿ ಪಾಸಾಗಿ ಬಿ.ಎಡ್. ಮುಗಿಸಿ, ಈಗ ಕುಷ್ಟಗಿ ಕಡೆ ಒಂದು ಸಾಲಿಯಲ್ಲಿ ಟೀಚರಾಗಿದ್ದಾಳೆಂದು ಕೇಳಿದ್ದೇನೆ.

ಮುಂದಿನ ವರ್ಷಗಳಲ್ಲಿ ಆಡಳಿತದ ಮಾತು ಬಂದಾಗಲೆಲ್ಲ ನಾನು ಇದನ್ನು ಉದಾಹರಣೆಯಾಗಿ ಹೇಳುತ್ತಿದ್ದೆ. ಬಸ್ಸಿನ ವೇಳೆ ತಿಳಿಯದೆ ಟೈಮ್ ಟೇಬಲ್ ಹಾಕಿದ ಪ್ರಭಾರಿ, ಪಾಪ ಒಳ್ಳೆಯ ಹೆಂಗಸು, ಹೇಗೆ ತಪ್ಪನ್ನು ಒಪ್ಪಿಕೊಂಡರು ಎಂದು. ತರಬೇತಿ ಶಿಬಿರಗಳಲ್ಲಿ ಜನ ಮೆಚ್ಚುತ್ತಿದ್ದರು.

ಈಗ ಸಿಕ್ಕ ಫೈಲಿನಲ್ಲಿ ಆ ವರ್ಷದ ಟೈಮ್ ಟೇಬಲ್ ಇತ್ತು. ಅದು ನನ್ನ ಅಕ್ಷರದಲ್ಲಿತ್ತು. ಜೊತೆಗೆ ಒಂದು ಟಿಪ್ಪಣಿ: ಬೆಳಗಿನ ವೇಳೆಯಲ್ಲಿ ವಿದ್ಯಾರ್ಥಿಗಳ ಏಕಾಗ್ರತೆ ಹೆಚ್ಚಿರುವುದರಿಂದ ಇತಿಹಾಸವನ್ನು ಒಂಬತ್ತಕ್ಕೆ ಇರಿಸಲಾಗಿದೆ, ಟೈಮ್ ಟೇಬಲ್ ಸಮಿತಿಯ ಸಂಚಾಲಕ. ಸಂಚಾಲಕ ನಾನೇ. ಕೆಳಗೆ ಮೇಡಂ ಸಹಿ. ಏಕಾಗ್ರತೆಯ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತಾಯಿತು. ಒಂಬತ್ತಕ್ಕೆ ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಭಾಗ್ಯನಗರ ಮುಟ್ಟಬಹುದಿತ್ತು, ಸಂಜೆಯವರೆಗೆ ಪ್ರಬಂಧ ಬರೆಯಬಹುದಿತ್ತು. ಇಷ್ಟನ್ನು ನಾನು ಹೇಗೆ ಮರೆತೆ? ಸುಳ್ಳು ಹೇಳಿದ್ದೆ ಎಂದರೆ ಅದೂ ಸರಿಯಲ್ಲ. ಮೇಡಂ ಸಭೆಯಲ್ಲಿ ತಪ್ಪು ನನ್ನದು ಎಂದಾಗ ನಾನು ನಿಜವಾಗಿಯೂ ನಂಬಿಬಿಟ್ಟಿದ್ದೆ ಅನಿಸುತ್ತದೆ.

ಮೇಡಂ ಈಗ ಭಾಗ್ಯನಗರದಲ್ಲಿ, ನಮ್ಮ ಮನೆಯಿಂದ ಎರಡು ಓಣಿ ಆಚೆ ಇದ್ದಾರೆ. ಭಾನುವಾರ ಹೋದಾಗ ಹೊರಗಿನ ಕಟ್ಟೆಯ ಮೇಲೆ ಮೆಂತೆ ಪಲ್ಲೆ ಸೋಸುತ್ತ ಕೂತಿದ್ದರು. ಟೈಮ್ ಟೇಬಲ್ ನಾ ಹಾಕಿದ್ದು, ನಿಮಗೆ ಗೊತ್ತಿತ್ತಲ್ಲ ಎಂದೆ.

"ಗೊತ್ತಿರಲಾರದ ಇರ್ತದೇನ್ರಿ. ಕೆಳಗ ಸಹಿ ಯಾರ್ದದ? ಕಾಗದ ಓದಲಾರದ ಸಹಿ ಹಾಕೀನಿ, ಮತ್ತ ತಪ್ಪು ಯಾರ್ದಾತು?"

ಸಭೆಯಲ್ಲಿ ನನ್ನ ಹೆಸರು ಹೇಳಬಹುದಿತ್ತು ಎಂದೆ. ಅವರು ಒಂದು ಕಡ್ಡಿಯಿಂದ ಎಲೆ ಬಿಡಿಸಿ ಬುಟ್ಟಿಗೆ ಹಾಕಿದರು.

"ಹೇಳಿದ್ರ ನೀವು ಹುಲಿಹೈದರಕ್ಕ ಬರ್ತಿದ್ರೇನು? ಸಿಟ್ಟು ಮಾಡ್ಕೊಂಡು ರಜಾ ಹಾಕ್ತಿದ್ರಿ. ನನಗ ಇತಿಹಾಸದ ಮಾಸ್ತರು ಬೇಕಾಗಿದ್ರು. ಛಲೋ ಆತು, ಐದೂ ಭಾನುವಾರ ಬಂದ್ರಿ."

ಎರಡೇ ಎಂದೆ. ಅವರು ಐದು ಎಂದರು. ನಕಾಶೆ ಸುತ್ತಿಕೊಂಡು ಬಂದಿದ್ದಿರಿ, ತೂಗುಹಾಕಲು ಮೊಳೆ ಇಲ್ಲದೆ ಇಬ್ಬರು ಹುಡುಗಿಯರು ಹಿಡಿದುಕೊಂಡು ನಿಂತಿದ್ದರು, ಅದು ನಾಲ್ಕನೆಯ ಭಾನುವಾರ ಎಂದರು. ನನಗೆ ನಕಾಶೆಯ ನೆನಪೇ ಇಲ್ಲ. ನೀವು ಮರೆತಿದ್ದೀರಿ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ಚಹಾ ಕುಡಿದು ಬಂದೆ.

ಮರುದಿನ ಕಾಲೇಜಿಗೆ ಹೋಗಿ ವಿಶೇಷ ತರಗತಿಯ ರಜಿಸ್ಟರು ಹುಡುಕಿಸಿದೆ. ಜವಾನ ಧೂಳು ಜಾಡಿಸಿ ತಂದುಕೊಟ್ಟ. ಕಲಿಸಿದವರ ಜಾಗದಲ್ಲಿ ಐದೂ ಭಾನುವಾರ ನನ್ನ ಸಹಿ ಇದೆ. ಐದೂ ಒಂದೇ ಶಾಯಿ, ಒಂದೇ ಓಟ. ಇಂಥ ಸಹಿಗಳನ್ನು ನಾವು ಹೇಗೆ ಹಾಕುತ್ತೇವೆಂದು ನನಗೆ ಗೊತ್ತು. ಕೊನೆಗೆ ಒಂದು ದಿನ ರಜಿಸ್ಟರು ಮುಂದಿಟ್ಟು ಖಾಲಿ ಇದ್ದಲ್ಲೆಲ್ಲ ಒಮ್ಮೆಗೇ ಎಳೆದುಬಿಡುವುದು. ಹಾಗಾಗಿ ನಾನು ಎರಡು ಸಲ ಹೋದೆನೋ ಐದು ಸಲವೋ ಈ ಕಾಗದ ಹೇಳುವುದಿಲ್ಲ. ಮೇಡಂ ನೆನಪು ನಿಜವಾದ ನೆನಪೋ, ಈ ಸಹಿಗಳನ್ನು ನೋಡಿದ ನೆನಪೋ, ಅದನ್ನೂ ಹೇಳುವುದಿಲ್ಲ.

ನನ್ನ ಮೇಜಿನ ಮೇಲೆ ಹಾಜರಿ ಕಡಿಮೆಯಾದವರ ಈ ವರ್ಷದ ಪಟ್ಟಿಯೂ ಇತ್ತು. ಹೊಸದಾಗಿ ಬಂದ ಅತಿಥಿ ಉಪನ್ಯಾಸಕ ಬರೆದು ತಂದದ್ದು, ಏಳು ಹೆಸರು, ಕೆಳಗೆ ನನ್ನ ಸಹಿಗೆ ಜಾಗ. ಸಹಿ ಹಾಕಿಲ್ಲ. ಈ ಏಳು ಮಂದಿ ಯಾವ ಊರವರು, ಯಾವ ಬಸ್ಸಿಗೆ ಬರುತ್ತಾರೆ ಎಂದು ಬರೆದು ತರಲು ಹೇಳಿ ಅವನನ್ನು ಕಳಿಸಿದೆ. ಅವನ ಮುಖ ನೋಡಿದರೆ, ಇದು ಪ್ರಿನ್ಸಿಪಾಲರು ಕೇಳುವ ಪ್ರಶ್ನೆಯೇ ಎಂಬಂತಿತ್ತು.

ಅವನು ಹೋದ ಮೇಲೆ ರಜಿಸ್ಟರಿನ ಬಲಬದಿ ನೋಡಿದೆ. ಅಲ್ಲಿ ವಿದ್ಯಾರ್ಥಿಗಳ ಸಹಿಗಳಿವೆ. ಹುಲಿಹೈದರದ ಹುಡುಗಿಯದು ಐದು ಇವೆ. ಮೊದಲನೆಯದು ನೀಲಿ, ಎರಡನೆಯದು ಪೆನ್ಸಿಲು, ಮೂರನೆಯದು ಹಸಿರು. ನಾಲ್ಕನೆಯದರಲ್ಲಿ ಪೆನ್ನು ಮಧ್ಯದಲ್ಲೇ ನಿಂತು, ಅರ್ಧ ಹೆಸರನ್ನು ಬೇರೆ ಪೆನ್ನಿನಲ್ಲಿ ಮುಗಿಸಿದ್ದಾಳೆ. ಐದನೆಯದು ಗೀರು ದಾಟಿ ಪಕ್ಕದ ಚೌಕಕ್ಕೆ ಹೋಗಿದೆ. ಅವಳು ಐದೂ ಭಾನುವಾರ ಬಂದಿದ್ದಳು.