ಮೌಸಿನ ಹೊಟ್ಟೆ ಬಿಚ್ಚಿದ ಮೇಡಂ

ನಮ್ಮ ಕಂಪ್ಯೂಟರ್ ಮೇಡಂ ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದರು. ಹಣೆಯ ವಿಭೂತಿ, ಇಸ್ತ್ರಿ ಮಾಡಿದ ಕಾಟನ್ ಸೀರೆ ಎಲ್ಲವೂ ಅಚ್ಚುಕಟ್ಟು. ಆ ಉಗುರಿನ ತುದಿ ಮಾತ್ರ ಸದಾ ಕಪ್ಪು. ಮೌಸಿನೊಳಗಿನ ಕೊಳೆ ಕೆರೆಯಲೆಂದೇ ಅದನ್ನು ಬೆಳೆಸಿದ್ದರು. ಮೈಸೂರಿನ ಸಿದ್ಧಾರ್ಥನಗರದ ಮನೆಯ ಮುಂದಿನ ಕೋಣೆಯಲ್ಲಿ ಅವರ ಕ್ಲಾಸು. ಮೌಸ್ ಬಿಚ್ಚಿ ಒರೆಸದೆ ಅಲ್ಲಿ ಯಾರೂ ಕಂಪ್ಯೂಟರ್ ಆನ್ ಮಾಡುವಂತಿರಲಿಲ್ಲ.

ನಾನಾಗ ಕಚೇರಿಯೊಂದರಲ್ಲಿ ಟೈಪಿಸ್ಟು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ಕಂಪ್ಯೂಟರ್ ಪರೀಕ್ಷೆ ಪಾಸಾಗದವರಿಗೆ ಬೇರೆ ಊರಿಗೆ ವರ್ಗ ಎಂದಿದ್ದರು. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು, ಅವರಿಗೆ ನಾನೊಬ್ಬಳೇ. ಕ್ಲಾಸಿಗೆ ಸೇರಿದ ಹೊಸತರಲ್ಲಿ ಒಂದು ದಿನ ಮೌಸ್ ಒರೆಸದೆಯೇ ಕೂತುಬಿಟ್ಟೆ. ಪರದೆಯ ಬಾಣ ಪಕ್ಕಕ್ಕೆ ಓಡುತ್ತಿತ್ತೇ ಹೊರತು ಮೇಲಕ್ಕೆ ಹತ್ತಲೊಲ್ಲದು.

“ನನ್ ಕೈಲಿ ಆಗಲ್ಲ ಬುಡಿ ಮೇಡಂ,” ಎಂದೆ.

“ಕೈಯನ್ನ ಯಾಕ್ರೀ ಬೈತೀರ? ಮೊದ್ಲು ಅದರ ಹೊಟ್ಟೆ ನೋಡಿ,” ಎಂದು ಮೌಸನ್ನು ಮಗುಚಿ ರಬ್ಬರ್ ಗುಂಡನ್ನು ಹೊರತೆಗೆದರು. ಒಳಗೆ ಎರಡು ಪುಟ್ಟ ಉರುಳೆಗಳಿದ್ದವು. ಗುಂಡು ಹೊರಳಿದಾಗ ಒಂದು ಉರುಳೆ ಅಡ್ಡ ಚಲನೆಯನ್ನೂ ಇನ್ನೊಂದು ಉದ್ದದ ಚಲನೆಯನ್ನೂ ಕಂಪ್ಯೂಟರಿಗೆ ತಿಳಿಸುತ್ತದಂತೆ. ಆ ಎರಡನೆಯದಕ್ಕೆ ಧೂಳು ಸುತ್ತಿಕೊಂಡಿತ್ತು. ಉಗುರಿನಿಂದ ಕೆರೆದರು. ಬಾಣ ಸರ್ರನೆ ಮೇಲೇರಿತು. ನನಗೆ ಅಳುವೇ ಬಂತು.

ದಸರಾ ಹೊತ್ತಿಗೆ ಕ್ಲಾಸಿಗೆ ಗುಂಡಿಲ್ಲದ ಹೊಸ ಮೌಸ್ ಬಂತು. ಅದರ ಅಡಿಯಲ್ಲಿ ಕೆಂಪು ದೀಪ. ಆಯುಧಪೂಜೆಗೆ ನಾನು ದೀಪ ಕಂಡಲ್ಲೇ ಭಕ್ತಿಯಿಂದ ಅರಿಸಿನ ಕುಂಕುಮ ಮೆತ್ತಿದೆ. ಹಬ್ಬ ಮುಗಿಸಿ ಬಂದರೆ ಬಾಣ ಮಿಸುಕಲಿಲ್ಲ. ಹೊಸ ಮೌಸ್ ಕೆಡಿಸಿದೆನೆಂದು ಹೆದರಿ ಮೇಡಂ ಮುಂದೆ ಹಿಡಿದೆ. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಕುಂಕುಮ ಹಣೆಗಿಡ್ತಾರೆ ಕಣಮ್ಮ, ಕಣ್ಣಿಗಲ್ಲ! ಇದು ಮೇಜಿನ ಫೋಟೋ ತೆಗೀತಾ ಹೋಗುತ್ತೆ. ಹಿಂದಿನ ಫೋಟೋನೂ ಈಗಿಂದೂ ತಾಳೆ ನೋಡಿ, ಎತ್ಲಾಗೆ ಬಂದೆ ಅಂತ ತಿಳ್ಕೊಳ್ಳುತ್ತೆ. ಏನೂ ಕಾಣ್ದಿದ್ರೆ ಪಾಪ, ಅದೇನ್ ಮಾಡ್ಬೇಕು?” ಎನ್ನುತ್ತ ಹತ್ತಿಯಿಂದ ಒರೆಸಿ ಸರಿಮಾಡಿದರು.

ಪರೀಕ್ಷೆಯಲ್ಲೂ ನನ್ನ ಪಾಲಿಗೆ ದೀಪದ ಮೌಸೇ ಬಂತು. ಬಾಣ ಅಲ್ಲಾಡಲೇ ಇಲ್ಲ. ಮೊದಲಾಗಿದ್ದರೆ ಕೈಯನ್ನೇ ಬೈದುಕೊಂಡು ಎದ್ದು ಬರುತ್ತಿದ್ದೆ. ಅಂದು ಮಗುಚಿ ನೋಡಿದೆ. ದೀಪ ಉರಿಯುತ್ತಿತ್ತು, ಕೊಳೆಯೂ ಇರಲಿಲ್ಲ. ಆಮೇಲೆ ಮೇಜು ನೋಡಿದೆ. ಮೇಲೆ ಗಾಜು ಹಾಸಿದ್ದರು! ನುಣುಪು ಗಾಜಿನಲ್ಲಿ ಅದಕ್ಕೆ ಕಾಣುವುದಾದರೂ ಏನು? ತಿಂಡಿ ಡಬ್ಬಿಗೆ ಸುತ್ತಿದ್ದ ಪೇಪರ್ ಬಿಚ್ಚಿ ಅಡಿಗೆ ಹಾಸಿದೆ. ಬಾಣ ಓಡಿತು. ಪಾಸಾದೆ, ಮೈಸೂರಿನಲ್ಲೇ ಉಳಿದೆ.

ಅದಾದ ಮೇಲೆ ಅಮ್ಮ ಹೆಚ್ಚು ಕಾಲ ಇರಲಿಲ್ಲ. ಮೇಡಂ ತೀರಿಕೊಂಡದ್ದು ಎಷ್ಟೋ ವರ್ಷಗಳ ನಂತರ. ಕೊನೆಯ ದರ್ಶನಕ್ಕೆ ಹೋದಾಗ ಅವರ ಮಗನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಅವನ ಕೈ ಹಿಡಿದುಕೊಂಡು ಹೇಳಿದೆ: “ನಮ್ಮಮ್ಮನ ಬಾಯಿಗೆ ಕೊನೇಲಿ ನೀರು ಬಿಡೋಕೆ ನಾನು ಇದೇ ಊರಲ್ಲಿ ಇದ್ದೆ ಕಣಪ್ಪ. ನಿಮ್ಮಮ್ಮ ಕಲ್ಸಿದ್ರಿಂದ ಇದ್ದೆ.”