ಬೇಲು ಹೋದ ಮೇಲೆ ಕೆಟ್ಟ ಆಂಪ್ಲಿಫೈಯರ್

ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳು. ಸೇನೆಯಲ್ಲಿ ರೇಡಿಯೊ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದ ಮೇಲೆ ಹುಣಸೂರಿನಲ್ಲಿ ಆಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ, ಈಗಲೂ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತೇನೆ. ಮೊದಲು ಮೇಜು ಒರೆಸುವುದು, ನಂತರ ಮೀಟರುಗಳನ್ನು ಪರೀಕ್ಷಿಸುವುದು, ಅದಾದ ಮೇಲೆಯೇ ಗಿರಾಕಿಯ ಮಾತು. ಅಳೆಯುವ ಉಪಕರಣವೇ ಸರಿಯಿಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ ಎಂದು ಸೇನೆ ನನಗೆ ಕಲಿಸಿತ್ತು. ಆ ದಿನ ಮಾತ್ರ ಕ್ರಮ ತಪ್ಪಿತು. ನಾನು ಬೀಗ ತೆಗೆಯುವ ಮೊದಲೇ ಸವಿತಾ ಮೆಟ್ಟಿಲ ಮೇಲೆ ಕೂತಿದ್ದಳು.

ಸವಿತಾ ಪಿರಿಯಾಪಟ್ಟಣದ ಕಡೆಯ ಮಾದಪ್ಪನವರ ಸೊಸೆ. ಮಾದಪ್ಪ ಹೊಗೆಸೊಪ್ಪು ಬೆಳೆಯುವವರು, ಸಂಗೀತದ ಹುಚ್ಚಿನವರು. ಮುಂಜಾನೆ ಎದ್ದ ಕೂಡಲೇ ಪೆನ್ ಡ್ರೈವ್ ಹಾಕಿ ಮಾದೇಶ್ವರನ ಕಂಸಾಳೆ ಪದ ಕೇಳದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಅವರ ಹಳೆಯ ಆಂಪ್ಲಿಫೈಯರನ್ನು ಹಿಂದಿನ ನವೆಂಬರಿನಲ್ಲಿ ಅವರ ಮನೆಗೇ ಹೋಗಿ ನಾನು ರಿಪೇರಿ ಮಾಡಿ ಬಂದಿದ್ದೆ.

ಅವಳು ಹೇಳಿದ್ದು ಇಷ್ಟು. ಅವಳ ಅಣ್ಣ ಗಿರೀಶ ಕೆ.ಆರ್. ನಗರದಲ್ಲಿ ಹೊಸದಾಗಿ ಆಡಿಯೊ ಅಂಗಡಿ ತೆರೆದಿದ್ದ. ತಂಗಿಯ ಮಾವನಿಗೇ ಮೊದಲು ಒಂದು ದೊಡ್ಡ ಆಂಪ್ಲಿಫೈಯರ್ ಮಾರಿದ. ಹಳೆಯದಕ್ಕೂ ಇದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಎಂದು ಹೇಳಿಯೇ ಕೊಟ್ಟ. ಆದರೆ ಹಾಕಿದ ದಿನದಿಂದ ಮಾದಪ್ಪನವರ ಕಿವಿಗೆ ಪದಗಳೆಲ್ಲ ಹಾಳಾಗಿ ಕೇಳತೊಡಗಿದವು. ನಂಬಿದವರಿಗೇ ಕೆಟ್ಟ ಮಾಲು ದಾಟಿಸಿದ ಎಂದು ಅವರು ಪಟ್ಟು ಹಿಡಿದು ಕೂತರು. ಗಿರೀಶ ಒಪ್ಪಿ ವಾಪಸ್ ತೆಗೆದುಕೊಳ್ಳುವವರೆಗೆ ಸೊಸೆ ಯುಗಾದಿಗೆ ತವರಿಗೆ ಹೋಗಕೂಡದು ಎಂದೂ ಹೇಳಿಬಿಟ್ಟರು. ವಾಪಸ್ ತೆಗೆದುಕೊಂಡರೆ ಮೋಸ ಮಾಡಿದೆ ಎಂದು ತಾನೇ ಒಪ್ಪಿದ ಹಾಗಾಗುತ್ತದೆ ಎಂಬುದು ಗಿರೀಶನ ಹಟ. ಮದುವೆಯಾದ ಮೇಲಿನ ಮೊದಲ ಯುಗಾದಿ ಅದು. ಸಾಲಿಗ್ರಾಮದಲ್ಲಿ ಅವಳ ಅಪ್ಪ ಅಮ್ಮ ಮಗಳು ಅಳಿಯನಿಗೆ ಬಟ್ಟೆ ತಂದಿಟ್ಟು ಕಾಯುತ್ತಿದ್ದರು.

"ಇಬ್ರೂ ಸುಳ್ಳೇಳೋರಲ್ಲ ಸಾರ್. ಅಣ್ಣ ಮಾತಾಡ್ದಾಗ ಅವನ್ದೇ ಸರಿ ಅನ್ನುಸ್ತದೆ, ಮಾವ ಮಾತಾಡ್ದಾಗ ಅವರ್ದೇ ಸರಿ ಅನ್ನುಸ್ತದೆ. ನಾನು ಯಾರ ಕಡೆ ನಿಂತ್ಕಳ್ಳಿ?"

ಯಾರ ಕಡೆಯೂ ನಿಲ್ಲಬೇಡ, ಭಾನುವಾರ ನಾನೇ ಬರುತ್ತೇನೆ, ಅಣ್ಣನನ್ನೂ ಊರಿಗೆ ಕರೆಸು ಎಂದು ಹೇಳಿ ಕಳಿಸಿದೆ.

ಭಾನುವಾರ ನಾನು ಹೋದಾಗ ಗಿರೀಶ ಜಗುಲಿಯ ಒಂದು ಕೊನೆಯಲ್ಲಿ, ಮಾದಪ್ಪ ಇನ್ನೊಂದು ಕೊನೆಯಲ್ಲಿ ಕೂತಿದ್ದರು. ಸವಿತಾ ಇಬ್ಬರಿಗೂ ಕಾಫಿ ಕೊಟ್ಟು ಬಾಗಿಲ ನಡುವೆ ನಿಂತಿದ್ದಳು. ಮಾದಪ್ಪ ತಮ್ಮ ದೂರನ್ನು ಚೊಕ್ಕವಾಗಿ ಒಪ್ಪಿಸಿದರು.

"ಅಳೇ ಸೆಟ್ಟಲ್ಲಿ ಕಂಸಾಳೆ ಒಂದೊಂದು ಏಟೂ ಬಿಡಿಬಿಡಿಯಾಗಿ ಬೀಳ್ತಿತ್ತು ಮಿಲ್ಟ್ರಿಯೋರೆ. ಇದರಲ್ಲಿ ಗುಡಾಣದೊಳಕ್ಕೆ ಸರಪಣಿ ಆಕ್ದಂಗೆ ಕೇಳ್ತದೆ."

ಒಳಗೆ ಹಜಾರಕ್ಕೆ ಹೋಗಿ ಮೊದಲು ಎರಡೂ ಆಂಪ್ಲಿಫೈಯರುಗಳನ್ನು ಪರೀಕ್ಷಿಸಿದೆ. ಒಂದು ಶುದ್ಧ ಸ್ವರವನ್ನು ಒಳಗೆ ಕಳಿಸಿ, ಹೊರಗೆ ಬರುವ ಅಲೆಯ ಆಕಾರ ಕೆಟ್ಟಿದೆಯೇ ಎಂದು ಆಸಿಲೋಸ್ಕೋಪಿನಲ್ಲಿ ನೋಡುವ ಕ್ರಮ ಅದು. ಹಳೆಯದರಲ್ಲಿಯೂ ದೋಷವಿಲ್ಲ, ಹೊಸದರಲ್ಲಿಯೂ ಇಲ್ಲ. ಸ್ಪೀಕರ್ ಬಾಕ್ಸುಗಳು ಮೊದಲಿನವೇ, ಅವೂ ಚೆನ್ನಾಗಿಯೇ ಇದ್ದವು.

ಉಳಿದದ್ದು ಕಿವಿಯ ಪರೀಕ್ಷೆ. ಇದರಲ್ಲಿ ಒಂದು ದೊಡ್ಡ ಮೋಸವಿದೆ. ಎರಡು ಸೆಟ್ಟುಗಳಲ್ಲಿ ಒಂದರ ಶಬ್ದ ಕೂದಲೆಳೆಯಷ್ಟು ಜೋರಾಗಿದ್ದರೂ ನಮ್ಮ ಕಿವಿ ಅದನ್ನು ಜೋರು ಎಂದು ಗುರುತಿಸುವುದಿಲ್ಲ, ಚೆನ್ನಾಗಿದೆ ಎಂದುಬಿಡುತ್ತದೆ. ಅಂಗಡಿಯಲ್ಲಿ ಕೇಳಿ ಮರುಳಾಗುವವರು ಎಷ್ಟೋ ಸಲ ಮರುಳಾಗುವುದು ಇಲ್ಲಿಯೇ. ಆದ್ದರಿಂದ ಸ್ಪೀಕರಿನ ತುದಿಯಲ್ಲಿ ವೋಲ್ಟೇಜ್ ಅಳೆದು ಎರಡನ್ನೂ ಸಮ ಮಾಡಿದೆ. ಎರಡೂ ಆಂಪ್ಲಿಫೈಯರುಗಳ ಮುಂದೆ ಜಮಖಾನ ಕಟ್ಟಿಸಿದೆ. ನಾನು ಅದರ ಹಿಂದೆ ಕೂತು ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಒಂದು ಸ್ವಿಚ್ಚಿನಿಂದ ಹಳೆಯದಕ್ಕೋ ಹೊಸದಕ್ಕೋ ಸ್ಪೀಕರನ್ನು ಜೋಡಿಸುವುದು. ಈಚೆ ಕೂತ ಮಾದಪ್ಪ ಮತ್ತು ಗಿರೀಶ ಯಾವುದು ಬಾರಿಸುತ್ತಿದೆ ಎಂದು ಹೇಳುವುದು. ಕಂಸಾಳೆಯ ಪದವೇ ಇರಲಿ ಎಂದೆ. ಆ ಕಂಚಿನ ನಾದದಲ್ಲಿ ಸಣ್ಣ ಕೊರತೆಯೂ ಅಡಗುವುದಿಲ್ಲ.

ಇಬ್ಬರೂ ಬಹಳ ಧೈರ್ಯವಾಗಿಯೇ ಹೇಳುತ್ತಾ ಹೋದರು. ನಡುವೆ ಒಮ್ಮೆ ನಾನು ಸ್ವಿಚ್ಚಿನ ಟಿಕ್ ಎಂಬ ಸದ್ದನ್ನು ಮಾತ್ರ ಕೇಳಿಸಿದೆ, ಬದಲಾಯಿಸಲಿಲ್ಲ.

"ನೋಡಿ ಮಾವ, ಈಗ ತೆರೆ ಸರಿಸ್ದಂಗಾಯ್ತು" ಎಂದ ಗಿರೀಶ.

"ಚೆನ್ನಾಗೇ ಬತ್ತಿತ್ತು, ಈಗ ನಿನ್ನ ಡಬ್ಬಕ್ಕೆ ಆಕವ್ರೆ" ಎಂದರು ಮಾದಪ್ಪ, ಅದೇ ಕ್ಷಣಕ್ಕೆ.

ಜಮಖಾನದ ಪಕ್ಕದಿಂದ ನನ್ನ ಕೈಯನ್ನೇ ನೋಡುತ್ತಿದ್ದ ಸವಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು.

ಕೊನೆಗೆ ಲೆಕ್ಕ ಓದಿದೆ. ಇಬ್ಬರೂ ಕಣ್ಣು ಮುಚ್ಚಿ ಊಹಿಸಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಗಿರೀಶ ತನ್ನ ಮಾಲನ್ನೇ ಹೆಚ್ಚು ಸಲ ಹಳೆಯದು ಎಂದಿದ್ದ. ಅವನ ಮುಖ ಇಳಿದುಹೋಯಿತು. ಜಗಳ ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ವೈರು ಸುತ್ತಲು ಶುರುಮಾಡಿದೆ. ಆಗ ಮಾದಪ್ಪ ಹೇಳಿದರು:

"ಅಂಗಾರೆ ಎರಡೂ ಕೆಟ್ಟೋಗವೆ."

ಗಿರೀಶನಿಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ ಕಣಪ್ಪ. ಇಷ್ಟೊತ್ತು ಕೇಳಿದ್ರಲ್ಲಿ ಒಂದು ನನ್ನ ಅಳೇ ಸೆಟ್ಟು ತಾನೆ? ನಾನು ಸುಗ್ಗೀಲಿ ಕೇಳ್ತಿದ್ದ ಸದ್ದು ಅದರಲ್ಲೂ ಬರ್ನಿಲ್ಲ. ಅದೆಲ್ಲೋಯ್ತು ಏಳು ನೋಡಾವ."

ಸುತ್ತುತ್ತಿದ್ದ ವೈರು ನನ್ನ ಕೈಯಲ್ಲೇ ನಿಂತಿತು. ಎರಡೂ ಸಮ ಎಂದು ನಾನು ತೋರಿಸಿದ್ದೆ ನಿಜ. ಸಮವಾಗಿ ಹಾಳಾಗಿವೆಯೇ ಎಂದು ಕೇಳಿಕೊಂಡಿರಲಿಲ್ಲ. ತಲೆಯೆತ್ತಿ ನೋಡಿದೆ. ಉದ್ದನೆಯ ಹಜಾರ, ಹೊಳೆಯುವ ಟೈಲ್ಸು, ಬೋಳು ಗೋಡೆಗಳು, ಮೇಲೆ ಆರ್‌ಸಿಸಿ. ಜೋರಾಗಿ ಒಂದು ಚಪ್ಪಾಳೆ ತಟ್ಟಿದೆ. ಅದು ಗೋಡೆಯಿಂದ ಗೋಡೆಗೆ ಬಡಿದು ರಿಂಗಣಿಸುತ್ತಾ ಹೋಯಿತು. ನವೆಂಬರಿನಲ್ಲಿ ನಾನು ಇದೇ ಹಜಾರದಲ್ಲಿ ಕೂತು ರಿಪೇರಿ ಮಾಡಿದ್ದೆ. ಆಗ ಕಾಲು ಚಾಚಲು ಜಾಗವಿರಲಿಲ್ಲ. ಮೂರು ಗೋಡೆಗೂ ಸೂರಿನ ತನಕ ಹೊಗೆಸೊಪ್ಪನ್ನು ಒತ್ತಿ ಕಟ್ಟಿದ ಬೇಲುಗಳಿದ್ದವು, ಪ್ರತಿಯೊಂದಕ್ಕೂ ಗೋಣಿತಾಟಿನ ಹೊದಿಕೆ.

"ಕೊನೇ ಬೇಲು ಹರಾಜಿಗೆ ಹೋಗಿದ್ದು ಯಾವಾಗ ಮಾದಪ್ಪನೋರೆ?"

"ಈ ಒಸ ಸೆಟ್ಟು ಬಂದ ದಿನವೇ. ಸೊಪ್ಪು ಓದ ಮೇಲೆ ತಾನೆ ಮನೇಗೆ ಒಸ ಸಾಮಾನು ತರೋದು?"

ನಮ್ಮ ಕಡೆ ಟಿ.ವಿ., ಸೋಫಾ, ಆಂಪ್ಲಿಫೈಯರ್ ಏನೇ ಬರಲಿ, ಸೊಪ್ಪು ಮಾರಿದ ಮೇಲೆಯೇ ಬರುವುದು. ಅಂದರೆ ಮನೆ ಖಾಲಿಯಾದ ಮೇಲೆ. ಮಾದಪ್ಪ ಹಳೆಯದನ್ನು ಕೇಳಿದ್ದು ಬೇಲುಗಳ ನಡುವೆ, ಹೊಸದನ್ನು ಕೇಳಿದ್ದು ಬೋಳು ಗೋಡೆಗಳ ನಡುವೆ. ಗೋಣಿ ಮತ್ತು ಸೊಪ್ಪು ಶಬ್ದವನ್ನು ಹೀರಿಕೊಳ್ಳುತ್ತವೆ. ಟೈಲ್ಸು ಮತ್ತು ಗೋಡೆ ವಾಪಸ್ ಎಸೆಯುತ್ತವೆ. ಒಂದು ಏಟಿನ ನಾದ ಆರುವ ಮೊದಲೇ ಇನ್ನೊಂದು ಬಂದು ಬಿದ್ದರೆ ಸರಪಣಿಯೇ ಆಗುವುದು.

ಬಾಯಲ್ಲಿ ಹೇಳಿದರೆ ಸಾಲದು, ಕೇಳಿಸಬೇಕು. ಆದರೆ ಬೇಲು ಎಲ್ಲಿಂದ ತರುವುದು? ಪಕ್ಕದ ಮನೆಯ ಚಿಕ್ಕತಾಯಮ್ಮನ ಬಹಳಷ್ಟು ಬೇಲುಗಳು ಯಾರೂ ಬಿಡ್ ಕೂಗದೆ ಹರಾಜಿನಿಂದ ಹಿಂದಕ್ಕೆ ಬಂದಿವೆ ಎಂದು ಸವಿತಾ ನೆನಪಿಸಿದಳು. ಆಕೆಯ ಮನೆಯಿಂದ ನಾವೆಲ್ಲ ಹೊರತೊಡಗಿದೆವು. ಬೀದಿಯ ಗಂಡಸರೂ ಕೈ ಹಾಕಿದರು. ಬಾಗಿಲಲ್ಲಿ ನಿಂತ ಚಿಕ್ಕತಾಯಮ್ಮ ಸುಮ್ಮನಿರಲಿಲ್ಲ.

"ವ್ಯಾಪಾರಸ್ತರಿಗೆ ಬ್ಯಾಡಾದ ಸೊಪ್ಪು, ಪದ ಕೇಳಕ್ಕೆ ಬೇಕಾಯ್ತೇನ್ಲಾ ಮಾದಪ್ಪ? ನೀನೇ ಬಿಡ್ ಕೂಗ್ಬುಡು."

ಬೇಲುಗಳು ಎರಡು ಗೋಡೆಗೇ ಸಾಕಾದವು. ಮೂರನೆಯದಕ್ಕೆ ಅಟ್ಟದ ಗೋಣಿತಾಟುಗಳನ್ನು ಮಡಿಸಿ ತೂಗುಹಾಕಿದೆವು. ವಾಲ್ಯೂಮನ್ನು ಮುಟ್ಟಲಿಲ್ಲ. ಅದೇ ಪದವನ್ನು ಹಾಕಿದೆ.

ಮೊದಲ ಏಟು ಬಿತ್ತು. ಎರಡನೆಯದು ಅದರ ಪಕ್ಕದಲ್ಲಿ, ಬೇರೆಯಾಗಿ. ಹಾಡುವವನು ಉಸಿರು ಎಳೆದುಕೊಂಡದ್ದು ಕೂಡ ಕೇಳಿತು. ಇಷ್ಟು ವರ್ಷ ಇದೇ ಕೆಲಸ ಮಾಡಿದ ನಾನು ಬಾಯಿ ತೆರೆದು ನಿಂತಿದ್ದೆ. ಮಾದಪ್ಪ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಾ ಕಣ್ಣು ಮುಚ್ಚಿದರು. ಯಾವ ಆಂಪ್ಲಿಫೈಯರ್ ಎಂದು ಹೇಳಲೇ ಎಂದು ಕೇಳಿದೆ.

"ಯಾವ್ದಾರಾ ಆಗ್ಲಿ ಬುಡಿ. ಆರಿಸ್ಬ್ಯಾಡಿ."

ಪದ ಮುಗಿದ ಮೇಲೆ ಮೊದಲು ಮಾತಾಡಿದವನು ಗಿರೀಶ. ಭೂಮಿ ಆಕಾಶ ಅಂದದ್ದು ತನ್ನ ತಪ್ಪು, ಮಾಲನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ಅಲ್ಲಿಯವರೆಗೆ ಅವನ ಬಾಯಿಂದ ಹೊರಡದೆ ಇದ್ದ ಮಾತು ಅದು. ಮಾದಪ್ಪ ಬೀಗರಿಗೆ ಎಲೆ ಹಾಕು ಎಂದು ಸೊಸೆಗೆ ಹೇಳಿದರು.

ಸೆಟ್ಟನ್ನು ಅಪ್‌ಗ್ರೇಡ್ ಮಾಡಿದರೆ ನಿಜವಾಗಿ ವ್ಯತ್ಯಾಸ ಕೇಳುತ್ತದೆಯೇ ಎಂದು ವಾರಕ್ಕೊಬ್ಬರಾದರೂ ನನ್ನನ್ನು ಕೇಳುತ್ತಾರೆ. ಸ್ಪೀಕರ್ ಬದಲಿಸಿದರೆ ಕೇಳುತ್ತದೆ. ಕೆಟ್ಟಿರುವುದನ್ನು ರಿಪೇರಿ ಮಾಡಿದರೂ ಕೇಳುತ್ತದೆ. ಸುಸ್ಥಿತಿಯಲ್ಲಿರುವ, ಕೋಣೆಗೆ ಸಾಕಾಗುವ ಆಂಪ್ಲಿಫೈಯರನ್ನು ತೆಗೆದು ಇನ್ನೊಂದನ್ನು ಇಟ್ಟರೆ ಕೇಳುವುದು ಬಹುಮಟ್ಟಿಗೆ ನಮ್ಮ ಆಸೆ. ಆದರೆ ಯಾರಾದರೂ ವ್ಯತ್ಯಾಸ ಕೇಳಿತು ಎಂದರೆ ಅವರನ್ನು ಸುಳ್ಳುಗಾರರೆಂದು ನಾನು ಈಗ ಕಳಿಸಿಬಿಡುವುದಿಲ್ಲ. ಮನೆಯಿಂದ ಈಚೆಗೆ ಏನು ಹೊರಗೆ ಹೋಯಿತು, ಏನು ಒಳಗೆ ಬಂತು ಎಂದು ವಿಚಾರಿಸುತ್ತೇನೆ. ಮೀಟರಿನ ಮಾತು ಒಂದು, ಗಿರಾಕಿಯ ಮಾತು ಇನ್ನೊಂದು ಆದಾಗ ಎರಡೂ ನಿಜವಾಗಿರುವ ಜಾಗವನ್ನು ಹುಡುಕುವುದೇ ಮೆಕ್ಯಾನಿಕ್ಕಿನ ಕೆಲಸ. ಅದನ್ನು ನನಗೆ ಕಲಿಸಿದ್ದು ಆ ಹಜಾರ.

ಯುಗಾದಿಯ ಹಿಂದಿನ ದಿನ ಗಿರೀಶನ ವ್ಯಾನು ನನ್ನ ಅಂಗಡಿಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಗಂಡನ ಪಕ್ಕ ಸವಿತಾ, ಅವಳ ತೊಡೆಯ ಮೇಲೆ ಅದೇ ಹೊಸ ಆಂಪ್ಲಿಫೈಯರ್. ಹಿಂತಿರುಗಿಸಲು ಒಯ್ಯುತ್ತಿದ್ದೀಯಾ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ವಾಪಸ್ಸಲ್ಲ ಸಾರ್, ಹಬ್ಬದ ಉಡುಗೊರೆ. ಎರಡೂ ಒಂದೇ ಅಂದ ಮೇಲೆ ಹಳೇದು ನಂಗಿರ್ಲಿ, ಹೊಸದು ಬೀಗರ ಮನೇಲಿ ಹಾಡ್ಲಿ ಅಂದ್ರು ಮಾವ. ಅದಕ್ಕೆ ಮುಂಚೆ ಸಾಲಿಗ್ರಾಮದ ಮನೇಲಿ ಚಪ್ಪಾಳೆ ತಟ್ಟಿ ನೋಡ್ಬೇಕಂತೆ."