ತವರಿನ ಸೀರೆ ಕೊಡಲಿಲ್ಲ

ನಮ್ಮ ಕಡೆ ಮುತ್ತೈದೆ ಸತ್ತರೆ ತವರಿನ ಸೀರೆ ಬರುವ ತನಕ ಹೆಣ ಎತ್ತುವುದಿಲ್ಲ. ಗಂಡನ ಮನೆಯವರು ಎಷ್ಟೇ ದೊಡ್ಡವರಾಗಿರಲಿ, ಕಾಯಲೇಬೇಕು. ಆ ಮನೆಯಲ್ಲಿ ತವರಿನ ಮಾತು ನಡೆಯುವುದು ಆಗ ಮಾತ್ರ ಎಂದು ನನಗೆ ಅಕ್ಕ ಸತ್ತ ದಿನ ತಿಳಿಯಿತು. ಕೇಸು ಇನ್ನೂ ನಡೆಯುತ್ತಿದೆ.

ಅಕ್ಕನನ್ನು ಕೆಂಚಾರ್ಲಹಳ್ಳಿ ಕಡೆಯ ಒಂದು ಊರಿಗೆ ಕೊಟ್ಟಿದ್ದೆವು. ಜಮೀನು, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ ಎಲ್ಲ ಇತ್ತು. ಭಾವ ಮೊದಲಿನಿಂದಲೂ ಕೈ ಮಾಡುತ್ತಿದ್ದ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅಕ್ಕ ಅವನನ್ನು ಕಾಸು ಕೇಳದೆ ಚಿಕ್ಕಬಳ್ಳಾಪುರಕ್ಕೆ ನನ್ನ ಮನೆಗೆ ಬರತೊಡಗಿದಳು. ಊಟ ಮಾಡಿ, ಒಂದಿಷ್ಟು ಮಲಗಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ನಿದ್ದೆ ಮಾಡುವುದಕ್ಕೇ ಬರುತ್ತಿದ್ದಳೇನೋ.

"ಬಸ್ ಫ್ರೀ ಆದ್ಮೇಲೆ ನಿಮ್ಮಕ್ಕಂಗೆ ಕಾಲು ಬಂದವೆ ಕಣಮ್ಮ" ಎಂದು ಭಾವ ಫೋನಿನಲ್ಲಿ ನಕ್ಕ. ಅವಳ ಆಧಾರ್ ಕಾರ್ಡು ಬಚ್ಚಿಟ್ಟ. ಅಕ್ಕ ವೋಟರ್ ಕಾರ್ಡು ತೋರಿಸಿ ಬಂದಳು. ಅದಕ್ಕೆ ಅವನು ಸೊಪ್ಪು ಬಿಡಿಸಿದ ಹಿಪ್ಪುನೇರಳೆ ಕಡ್ಡಿಯಿಂದ ಮೊಣಕಾಲಿಗೆ ಹೊಡೆದ.

ಅವಳು ಮತ್ತೆ ಬಂದಾಗ, "ಹೋಗ್ಬೇಡ ಕಣೇ ಅಲ್ಲಿಗೆ" ಎಂದೆ.

"ಹುಳು ಹಣ್ಣಾಗ್ತಾ ಅವೆ, ಗೂಡು ಕಟ್ಟೋ ಹೊತ್ತು. ಈಗ ಬಿಟ್ಟು ಬಂದ್ರೆ ಬೆಳೆ ಹೋಗ್ತದೆ" ಎಂದು ಕುಂಟುತ್ತ ಬಸ್ಸು ಹತ್ತಿದಳು.

ಆಮೇಲೆ ಒಂದು ಬೆಳಗ್ಗೆ ಅವನೇ ಫೋನು ಮಾಡಿ, ಅಕ್ಕ ಹುಳುಮನೆಯಲ್ಲಿ ಜಾರಿ ಬಿದ್ದು ಸತ್ತುಹೋದಳು ಎಂದ. ಪೆರೇಸಂದ್ರದಿಂದ ಅಪ್ಪ ಅಮ್ಮ ನನ್ನ ಮನೆಗೆ ಬಂದರು, ಒಟ್ಟಿಗೆ ಹೊರಟೆವು. ದಾರಿಯಲ್ಲಿ ಚಿಂತಾಮಣಿಯಲ್ಲಿ ಕಾರು ನಿಲ್ಲಿಸಿ ಅಮ್ಮ ಹಸಿರು ಸೀರೆ, ಬಳೆ ಕೊಂಡಳು. ಅಂಚು ಸಣ್ಣದಾಯಿತೆಂದು ಒಂದು ಸೀರೆಯನ್ನು ಅಳುತ್ತಲೇ ವಾಪಸ್ಸು ಕೊಟ್ಟಳು.

ಅಲ್ಲಿ ಹೆಂಗಸರು ಅಂಗಳದಲ್ಲಿ ಬಟ್ಟೆ ಅಡ್ಡ ಕಟ್ಟಿ ಅಕ್ಕನಿಗೆ ಸ್ನಾನ ಮಾಡಿಸುತ್ತಿದ್ದರು.

"ಪುಣ್ಯವಂತೆ ಕಣಮ್ಮ ನಿಮ್ಮಕ್ಕ, ಮುತ್ತೈದೆಯಾಗಿ ಹೋದ್ಲು" ಎಂದಳು ಅವಳ ಅತ್ತೆ.

ನಾನು ಚೊಂಬು ತೆಗೆದುಕೊಂಡೆ. ಬೆನ್ನಿಗೆ ನೀರು ಹಾಕಿದಾಗ ಬಾಸುಂಡೆಗಳು ಕಂಡವು, ಒಂದರ ಮೇಲೊಂದು. ಒಂದು ಕಡೆ ಪಕ್ಕೆ ಒಳಗೆ ಕುಸಿದಿತ್ತು. ಕಿವಿಯ ಹಿಂದೆ ಕೂದಲು ರಕ್ತದಲ್ಲಿ ಅಂಟಿಕೊಂಡಿತ್ತು. ಬಾಸುಂಡೆಗಳ ಮೇಲೆಯೇ ಹೆಂಗಸರು ಅರಿಶಿನ ಬಳಿಯುತ್ತಿದ್ದರು. ಮುಖಕ್ಕೆ, ಕೈಕಾಲಿಗೆ ಹಚ್ಚುವುದನ್ನು ನೋಡಿದ್ದೆ. ಬೆನ್ನಿಗೆ ಅಷ್ಟು ದಪ್ಪ ಹಚ್ಚುವುದನ್ನು ನೋಡಿರಲಿಲ್ಲ.

"ನೋಡ್ಬ್ಯಾಡ ತಾಯಿ, ಬೇಗ ಮುಗೀಲಿ" ಎಂದು ಪಕ್ಕದ ಮನೆಯವಳು ನನ್ನ ಕಿವಿಯಲ್ಲಿ ಹೇಳಿದಳು.

ಅಮ್ಮನ ಮಡಿಲಿನಿಂದ ಸೀರೆಯ ಕವರು ಕಿತ್ತುಕೊಂಡೆ. ಪೊಲೀಸರಿಗೆ ಫೋನು ಮಾಡಿ, ಹೊಸಿಲ ಮೇಲೆ ಕೂತು, "ಪೊಲೀಸ್ನೋರು ಬಂದು ನೋಡೋವರ್ಗೂ ಸೀರೆ ಕೊಡಲ್ಲ" ಎಂದೆ.

ಭಾವನ ಮನೆಯಲ್ಲಿ ಸೀರೆಗಳಿಗೇನೂ ಬರವಿರಲಿಲ್ಲ. ಆದರೆ ತವರಿನದಿಲ್ಲದೆ ಎತ್ತಿದರೆ ಮನೆಗೆ ಆಗಿಬರುವುದಿಲ್ಲವೆಂದು ಅವನ ಕಡೆಯ ಹಿರಿಯರೇ ಹೆಗಲು ಕೊಡಲು ಒಪ್ಪಲಿಲ್ಲ. ಅಷ್ಟೆಲ್ಲ ಏಟು ಬೀಳುವಾಗ ಹೆದರದವರು ಇದಕ್ಕೆ ಹೆದರಿದರು.

"ಕೊಡೇ ಇಲ್ಲಿ!" ಎಂದು ಭಾವ ನನ್ನ ಜಡೆ ಹಿಡಿದು ಅಂಗಳಕ್ಕೆ ಎಳೆದ. ಕವರನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಮಲಗಿಬಿಟ್ಟೆ. ಸೊಂಟಕ್ಕೆ ಒದ್ದ. ಬೆರಳುಗಳನ್ನು ಮೆಟ್ಟಿದ. ಒಂದು ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಊರಿನ ಗಂಡಸರು ಸುತ್ತ ನಿಂತಿದ್ದರು. "ಅಕ್ಕಂಗಿಂತ ಇವ್ಳು ಗಟ್ಟಿ ಅವ್ಳೆ" ಎಂದ ಒಬ್ಬ. ಇನ್ನೊಬ್ಬ ನಕ್ಕ.

ಅಪ್ಪ ಬಗ್ಗಿ, "ಕೊಟ್ಬಿಡಮ್ಮ, ಮಾನ ಹೋಗ್ತದೆ" ಎಂದ. ಅವನು ಯಾರ ಮಾನದ ಮಾತಾಡುತ್ತಿದ್ದನೋ ತಿಳಿಯಲಿಲ್ಲ. ಅಮ್ಮನ ಮಾತು ಮಾತ್ರ ತಡೆಯಲಾಗಲಿಲ್ಲ. "ಬರೀ ಒದ್ದೆ ಬಟ್ಟೇಲಿ ಮಲಗವಳೆ ಕಣೇ. ನಿನ್ನ ಕಾಲಿಗ್ ಬೀಳ್ತೀನಿ, ಹೊದಿಸ್ತೀನಿ ಕೊಡೇ."

ಕೊಟ್ಟುಬಿಡುತ್ತಿದ್ದೆನೇನೋ. ಬಾಸುಂಡೆಗಳು ಕಣ್ಣ ಮುಂದೆಯೇ ಇದ್ದವು. ಕೊಡಲಿಲ್ಲ.

ಪೊಲೀಸರು ಬಂದಾಗ ಬಿಸಿಲು ನೆತ್ತಿಗೇರಿತ್ತು. ನಾನು ಕವರು ಹಿಡಿದು ಅಕ್ಕನ ಪಕ್ಕಕ್ಕೆ ತೆವಳಿಕೊಂಡು ಬಂದಿದ್ದೆ. ಬಟ್ಟೆಯ ಮರೆಯೊಳಗೆ ಬಂದ ಮಹಿಳಾ ಪೇದೆ ಅಕ್ಕನ ಮುಖ ನೋಡಿ, ಮೊಬೈಲು ತೆಗೆದು, "ಬೆನ್ನು ತಿರುಗ್ಸಿ" ಎಂದಳು.

ಅತ್ತೆ ಅಡ್ಡ ಬಂದಳು. "ಮುತ್ತೈದೆ ಕಣಮ್ಮ. ಸಿಂಗಾರ ಆಗೈತೆ, ಮುಟ್ಬಾರ್ದು."

ಅರಿಶಿನ ಹಚ್ಚಿದ ಕೈಗಳೆಲ್ಲ ಸೆರಗಿನೊಳಗೆ ಹೋದವು. ನಾನು ಏಳಲು ನೋಡಿದೆ, ಒದೆ ತಿಂದ ಸೊಂಟ ಎತ್ತಲಾಗಲಿಲ್ಲ. ಯಾರೂ ಮುಂದೆ ಬರಲಿಲ್ಲ.

ಗೋಡೆಗೆ ತಲೆ ಆನಿಸಿ ಕೂತಿದ್ದ ಅಮ್ಮ ಎದ್ದಳು. ಅಕ್ಕನ ಹೆಗಲ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಹಾಕಿ, ಎಳೆಮಗುವನ್ನು ಮಗ್ಗುಲು ಬದಲಿಸುವ ಹಾಗೆ, ಬೆನ್ನನ್ನು ಪೇದೆಯ ಕಡೆಗೆ ತಿರುಗಿಸಿ ಹಿಡಿದುಕೊಂಡಳು.

"ನೋಡ್ಕೊಳಮ್ಮ" ಎಂದಳು. "ಬರ್ಕೊ."